ಆಯುಧಪೂಜೆಗೆ ಎಳೆದು ತಂದ ಮೆಮೊರಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಮನೆಯಲ್ಲಿ ಹೇಳುತ್ತಾರೆ. ಹೇಳಲಿ. ಬೇಗ ಬಂದ ಸಿಟ್ಟು ಬೇಗ ಹೋಗುತ್ತದೆ ಎಂಬ ಸಮಾಧಾನವನ್ನೂ ಅವರೇ ಹೇಳಿಕೊಳ್ಳುತ್ತಾರೆ. ಈ ಒಂದು ಸಿಟ್ಟು ಮಾತ್ರ ಹೋಗಲಿಲ್ಲ. ಒಂದು ಯಂತ್ರ ಮಾಡಿದ ಎಡವಟ್ಟನ್ನು ಕಸ ಗುಡಿಸುವ ಹೆಂಗಸೊಬ್ಬಳ ತಲೆಗೆ ಕಟ್ಟಿದರು. ಅವಳ ಕೆಲಸ ಉಳಿಸಲು ನಾನು ಬಡಿದಾಡಿದೆ. ಆ ಯಂತ್ರದ ಹೊಟ್ಟೆಯೊಳಗೆ ಏನಾಯಿತೆಂದು ತಿಳಿದವಳು ಕಾರ್ಖಾನೆಯಲ್ಲಿ ನಾನೊಬ್ಬಳೇ ಆಗಿದ್ದರಿಂದ ಸುಮ್ಮನಿರುವುದು ನನ್ನಿಂದ ಆಗಲಿಲ್ಲ.

ಕಾರ್ಖಾನೆ ಇರುವುದು ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ. ಬಾಟಲಿಗಳಿಗೆ ಪ್ಲಾಸ್ಟಿಕ್ ಮುಚ್ಚಳ ಮಾಡುತ್ತೇವೆ. ನೀವು ನೀರು ಕುಡಿದು ಬಿಸಾಡುವ ಮುಚ್ಚಳ ಇದೆಯಲ್ಲ, ಅದನ್ನೂ ಯಾರೋ ಒಬ್ಬರು ತಿರುಗಿಸಿ, ಒತ್ತಿ, ಸೋರುತ್ತದೆಯೇ ಎಂದು ನೋಡಿಯೇ ಕಳಿಸಿರುತ್ತಾರೆ. ಆ ಪರೀಕ್ಷೆಯ ಫಲಿತಾಂಶವೆಲ್ಲ ಕಂಪ್ಯೂಟರಿಗೆ ಹೋಗಬೇಕು. ಅದು ಹೋಗದಿದ್ದರೆ ಲಾರಿ ಗೇಟು ದಾಟುವುದಿಲ್ಲ. ಆ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮನೆ ಟಿ. ನರಸೀಪುರದಲ್ಲಿ. ಯಜಮಾನರದು ಹಿಟ್ಟಿನ ಗಿರಣಿ. ದಿನಾ ಬೆಳಿಗ್ಗೆ ರಾಗಿ ಹಿಟ್ಟಿನ ವಾಸನೆ ಹೊತ್ತುಕೊಂಡೇ ನಾನು ನಂಜನಗೂಡಿನ ಬಸ್ಸು ಹತ್ತುತ್ತೇನೆ.

ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ ಎಂದಾದ ಮೇಲೆ ಆ ಬಸ್ಸಿನಲ್ಲಿ ಸೀಟು ಸಿಗುವುದು ಸಾಮಾನ್ಯದ ಮಾತಲ್ಲ. ನನಗೆ ಸಿಗುತ್ತಿತ್ತು, ಅಕ್ಕನ ದೆಸೆಯಿಂದ. ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಮೂಗೂರಿನವಳು. ಗುತ್ತಿಗೆದಾರನ ಕಡೆಯಿಂದ ನಮ್ಮ ಕಾರ್ಖಾನೆಯಲ್ಲೇ ಕಸ ಗುಡಿಸಿ ನೆಲ ಒರೆಸುವ ಕೆಲಸ. ನಾನು ಸೇರುವುದಕ್ಕೆ ಬಹಳ ಮೊದಲೇ ಸೇರಿದವಳು. ಮೂಗೂರಿನಿಂದ ಒಂದು ಬಸ್ಸಿನಲ್ಲಿ ನರಸೀಪುರಕ್ಕೆ ಬಂದು ಇಳಿದವಳೇ, ನಂಜನಗೂಡಿನ ಬಸ್ಸು ಸ್ಟ್ಯಾಂಡಿಗೆ ತಿರುಗುವ ಹೊತ್ತಿಗೆ ಕಿಟಕಿಯಿಂದ ಸೀಟಿನ ಮೇಲೆ ಟವೆಲ್ ಎಸೆದುಬಿಡುತ್ತಿದ್ದಳು. ಆಮೇಲೆ ಯಾರು ಬಂದು ಏನೆಂದರೂ ಅಲುಗಾಡುತ್ತಿರಲಿಲ್ಲ.

“ಬಾ ಕೂಸೇ, ಕುಂತ್ಕೊ. ಆ ಕಂಡಕ್ಟ್ರು ಬಾಯ್ ಮಾಡ್ದ. ಮಾಡ್ಕೊ ಓಗು ಅಂದೆ.”

ನಲವತ್ತು ದಾಟಿದ ನಾನು ಬಸ್ಸಿನಲ್ಲಿ ಅವಳಿಗೆ ಕೂಸು. ಕಾರ್ಖಾನೆಯ ಗೇಟು ದಾಟಿದ ಕೂಡಲೇ ಮೇಡಮ್ಮೋರು. ಎರಡರ ನಡುವೆ ಒಂದೇ ಒಂದು ಗೇಟಿನ ಅಂತರ. ಈ ಬದಲಾವಣೆ ಬೇಡ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. “ಒಳಗ ಒಳಗಿನ್ ಮರ್ಯಾದೆ ಕನವ್ವ” ಎನ್ನುತ್ತಿದ್ದಳು. ಅವಳ ಗಂಡ ಎಳನೀರು ಕೀಳಲು ತೆಂಗಿನ ಮರ ಹತ್ತುತ್ತಿದ್ದವನು, ಒಂದು ದಿನ ಬಿದ್ದು ಸೊಂಟ ಮುರಿದುಕೊಂಡು ಜಗಲಿ ಹಿಡಿದಿದ್ದ. ಆ ಮನೆಯ ಒಲೆ ಉರಿಯುತ್ತಿದ್ದದ್ದು ಅಕ್ಕನ ಪೊರಕೆಯಿಂದ. ಆ ಕೆಲಸ ಹೋದರೆ ಮತ್ತೊಂದು ಹುಡುಕುವ ವಯಸ್ಸೂ ಅವಳದಲ್ಲ, ಮೊಣಕಾಲೂ ಅವಳದಲ್ಲ.

ಇನ್ನು ಆ ಯಂತ್ರದ ವಿಷಯ. ನಂಜನಗೂಡಿನ ಕರೆಂಟು ಹೇಗೆ ಎಂದು ಅಲ್ಲಿ ಕಾರ್ಖಾನೆ ನಡೆಸುವವರನ್ನು ಕೇಳಬೇಕು. ಕರೆಂಟು ಕಣ್ಣು ಮಿಟುಕಿಸಿದಾಗಲೆಲ್ಲ ಪರೀಕ್ಷೆಯ ಫಲಿತಾಂಶ ಅರ್ಧಂಬರ್ಧ ಹೋಗುತ್ತಿತ್ತು. ಅದಕ್ಕೇ ಹೊಸ ಸರ್ವರ್ ತರಿಸಿದರು. ಅದರ ಜೊತೆ ಅಂಗೈ ಅಗಲದ ಎರಡು ಕಪ್ಪು ಪೆಟ್ಟಿಗೆ ಬಂದವು. ಅವು ಮೆಮೊರಿ. ಆದರೆ ಮಾಮೂಲಿ ಮೆಮೊರಿಯಂತೆ ಕರೆಂಟು ಹೋದರೆ ಎಲ್ಲ ಮರೆಯುವ ಜಾತಿಯಲ್ಲ. ಕರೆಂಟು ಹೋದರೂ ಬರೆದದ್ದು ಬರೆದ ಹಾಗೇ ಇರುತ್ತದೆ. ಸರ್ವರಿನ ಮುಂಭಾಗದಲ್ಲಿ ಗೂಡುಗಳಿದ್ದವು, ಪೆಟ್ಟಿಗೆಯನ್ನು ಗೂಡಿಗೆ ತಳ್ಳಿದರೆ ಮುಗಿಯಿತು. ಒಂದನ್ನು ಕೆಲಸಕ್ಕೆ ಹಾಕಿಕೊಂಡೆವು, ಇನ್ನೊಂದನ್ನು ಖಾಲಿಯಾಗಿ ಕಪಾಟಿನಲ್ಲಿ ಇಟ್ಟೆವು. ತಂದು ಜೋಡಿಸಿದ ಇಂಜಿನಿಯರು ಮೈಸೂರಿನಿಂದ ಬಂದವನು, ಬೂಟು ಚೆನ್ನಾಗಿ ಮಿಂಚುತ್ತಿತ್ತು. ಪ್ಲಾಂಟ್ ಮ್ಯಾನೇಜರಿಗೆ ಅವನು ಬಹಳ ಹೆಮ್ಮೆಯಿಂದ ತೋರಿಸಿಕೊಟ್ಟದ್ದು ಪೆಟ್ಟಿಗೆಯ ಮುಖದ ಮೇಲಿನ ಒಂದು ಗುಂಡಿಯನ್ನು.

“ಸರ್ವರ್ ಆಫ್ ಮಾಡೋದೇ ಬೇಡ ಸರ್. ಈ ಬಟನ್ ಒತ್ತಿ. ಲೈಟು ಮಿನುಗುತ್ತೆ. ಆರಿದ ಮೇಲೆ ಆರಾಮಾಗಿ ಎಳೀಬಹುದು.”

ಅದನ್ನು ಬಾಯಿಪಾಠ ಮಾಡಿಕೊಂಡ ಹಾಗೆ ಮ್ಯಾನೇಜರರು ಬಂದ ಬಂದವರಿಗೆಲ್ಲ ಹೇಳುತ್ತಿದ್ದರು. ಅವರ ಸ್ವಂತ ಕಾರಿನ ಬಗ್ಗೆಯೂ ಅಷ್ಟು ಹೇಳಿಕೊಂಡದ್ದನ್ನು ನಾನು ಕೇಳಿಲ್ಲ.

ಅಷ್ಟರಲ್ಲಿ ಆಯುಧಪೂಜೆ ಬಂತು. ನಮ್ಮ ಕಾರ್ಖಾನೆಯಲ್ಲಿ ಆ ದಿನವೂ ಮಧ್ಯಾಹ್ನದವರೆಗೆ ಕೆಲಸ ನಡೆಯುತ್ತದೆ. ಅಚ್ಚಿನ ಯಂತ್ರಗಳನ್ನು ಒಂದೊಂದಾಗಿ ನಿಲ್ಲಿಸಿ, ತೊಳೆದು, ವಿಭೂತಿ ಕುಂಕುಮ ಇಟ್ಟು, ಬಾಳೆಕಂದು ಕಟ್ಟುತ್ತಾರೆ. ಜೊತೆಗೆ ಅಂಗಳದಲ್ಲಿ ಒಂದು ಮಣೆ ಹಾಕಿ, ಒಂದೊಂದು ವಿಭಾಗದಿಂದ ಒಂದೊಂದು ಆಯುಧ ತಂದು ಅದರ ಮೇಲೆ ಇಡುವುದು ಪದ್ಧತಿ. ಅಚ್ಚಿನವರು ಒಂದು ಅಚ್ಚು ತರುತ್ತಾರೆ, ರಿಪೇರಿಯವರು ಸ್ಪ್ಯಾನರು, ಆಫೀಸಿನವರು ಸ್ಟೇಪ್ಲರು, ಅಡುಗೆಮನೆಯವರು ಈಳಿಗೆಮಣೆ. ಕಂಪ್ಯೂಟರ್ ರೂಮಿನಿಂದ ಪ್ರತಿ ವರ್ಷ ಹೋಗುತ್ತಿದ್ದದ್ದು ಕೆಟ್ಟುಹೋದ ಒಂದು ಮೌಸು. ಯಾರೂ ಬೇಸರ ಮಾಡಿಕೊಂಡಿರಲಿಲ್ಲ, ದೇವರೂ ಮಾಡಿಕೊಂಡ ಹಾಗೆ ಕಾಣಲಿಲ್ಲ.

ಆ ವರ್ಷ ಮಾತ್ರ ಮ್ಯಾನೇಜರರಿಗೆ ಮೌಸು ಸಾಲದಾಯಿತು. ಹೊಸದಾಗಿ ಬಂದದ್ದು ಮೊದಲ ಹಬ್ಬಕ್ಕೆ ಮಣೆ ಏರಬೇಕು, ಇಲ್ಲದಿದ್ದರೆ ವರ್ಷವಿಡೀ ಕಾಟ ಕೊಡುತ್ತದೆ ಎಂದು ಯಾರೋ ಹೇಳಿದರಂತೆ. ಈ ನಂಬಿಕೆ ನಮ್ಮ ಕಡೆ ಇರುವುದು ನಿಜ. ಹೊಸ ಟ್ರ್ಯಾಕ್ಟರಿಗೆ, ಹೊಸ ಹೊಲಿಗೆ ಯಂತ್ರಕ್ಕೆ, ನಮ್ಮ ಗಿರಣಿಯ ಹೊಸ ಬೆಲ್ಟಿಗೆ ನಾವೂ ಹೀಗೇ ಮಾಡುತ್ತೇವೆ. ಆದರೆ ಗಿರಣಿಯ ಬೆಲ್ಟನ್ನು ರಾಗಿ ಬೀಸುತ್ತಿರುವಾಗ ಯಾರೂ ಕಿತ್ತುಕೊಂಡು ಬರುವುದಿಲ್ಲ. ಖಾಲಿ ಪೆಟ್ಟಿಗೆ ಕಪಾಟಿನಲ್ಲಿ ಇದ್ದೇ ಇತ್ತು. ಅದನ್ನು ತಂದಿದ್ದರೂ ಆಗುತ್ತಿತ್ತು. ಕೆಲಸ ಮಾಡದ ಆಯುಧಕ್ಕೆ ಎಂಥ ಪೂಜೆ ಎಂದು ಮ್ಯಾನೇಜರರೇ ಬೇಡವೆಂದರಂತೆ.

ನಾನು ಆ ಹೊತ್ತಿನಲ್ಲಿ ನರಸೀಪುರದಲ್ಲಿದ್ದೆ. ಗಿರಣಿಗೆ ಪೂಜೆಯಾಗದೆ ಮನೆಯಿಂದ ಹೊರಡುವ ಹಾಗಿಲ್ಲ, ತಡವಾಗಿ ಬರುತ್ತೇನೆ ಎಂದು ಮೊದಲೇ ಹೇಳಿ ಒಪ್ಪಿಗೆ ಪಡೆದಿದ್ದೆ. ಒಂದು ಫೋನು ಮಾಡಿದ್ದರೆ ಮಂಗಳಾರತಿ ಬಿಟ್ಟಾದರೂ ಎತ್ತುತ್ತಿದ್ದೆ. ನನಗೆ ಮಾಡಲಿಲ್ಲ. ಮೈಸೂರಿನ ಇಂಜಿನಿಯರಿಗೆ ಮಾಡಿದರು. “ಓಡ್ತಿರುವಾಗಲೇ ತೆಗೀಬಹುದಲ್ಲಾ?” ಎಂದು ಕೇಳಿದರು. “ಅದಕ್ಕೇ ಅಲ್ವಾ ಸರ್ ಬಟನ್ ಇರೋದು” ಎಂದು ಅವನು ಹೇಳಿದ. ಪುರೋಹಿತರು ಅವಸರ ಮಾಡುತ್ತಿದ್ದರು, ಇನ್ನೂ ನಾಲ್ಕು ಕಾರ್ಖಾನೆಗೆ ಹೋಗಬೇಕಿತ್ತು. ಕಂಪ್ಯೂಟರ್ ರೂಮಿನ ಬೀಗದ ಕೈ ಇಡುವ ಜಾಗ ಗೊತ್ತಿದ್ದು, ಒಳಗೆ ನೆಲ ಒರೆಸುತ್ತಿದ್ದವಳು ಅಕ್ಕ. ಅವಳ ಮೊಬೈಲಿಗೆ ಮ್ಯಾನೇಜರರ ಫೋನು ಹೋಯಿತು.

ನಾನು ಗೇಟಿನೊಳಗೆ ಕಾಲಿಟ್ಟಾಗ ಬೂದುಗುಂಬಳಕಾಯಿ ಒಡೆದಾಗಿತ್ತು. ಕುಂಕುಮ ನೀರು ಸಿಮೆಂಟಿನ ಮೇಲೆ ಹರಿದಿತ್ತು. ಪರೀಕ್ಷೆಯ ಮೇಜುಗಳ ಮುಂದೆ ಹುಡುಗಿಯರು ಕೈ ಕಟ್ಟಿ ನಿಂತಿದ್ದರು. ಪರದೆಗಳು ಕಲ್ಲಿನ ಹಾಗೆ ನಿಂತಿದ್ದವು. ಸ್ವಲ್ಪ ಹೊತ್ತಿನ ಮುಂಚಿನವರೆಗೂ ಅವು “ಸೇವ್ ಆಯಿತು, ಸೇವ್ ಆಯಿತು” ಎಂದೇ ತೋರಿಸುತ್ತಿದ್ದವಂತೆ. ಆಮೇಲೆ ಎಲ್ಲ ಒಟ್ಟಿಗೆ ನಿಂತವಂತೆ. ನಾನು ಕಂಪ್ಯೂಟರ್ ರೂಮಿಗೆ ಓಡಿದೆ. ಸರ್ವರಿನ ಗೂಡು ಖಾಲಿ. ಅಂಗಳಕ್ಕೆ ಬಂದು ನೋಡಿದರೆ ಮಣೆಯ ಮೇಲೆ, ಈಳಿಗೆಮಣೆಗೂ ಸ್ಪ್ಯಾನರಿಗೂ ನಡುವೆ, ವೀಳ್ಯದೆಲೆಯ ಮೇಲೆ ನಮ್ಮ ಮೆಮೊರಿ ಕೂತಿತ್ತು. ಹಣೆಗೆ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ, ತಲೆಯ ಮೇಲೆ ಒಂದು ಸೇವಂತಿಗೆ. ನಗು ಬರಬೇಕಾದ ದೃಶ್ಯ. ಇದನ್ನು ಎಳೆದವರು ಯಾರು ಎಂದು ಕೇಳಿದೆ.

ಅಕ್ಕ ಗೋಡೆಗೆ ಒರಗಿ ನಿಂತಿದ್ದಳು. ಯಾರೋ ಆಗಲೇ ಅವಳ ಮೇಲೆ ಕೂಗಾಡಿದ್ದರು.

“ಸಾಯೇಬ್ರು ಪೋನಲ್ಲಿ ಯೋಳುದ್ರು ಮೇಡಮ್ಮೋರೇ. ಗುಂಡಿ ಒತ್ತು, ದೀಪ ಆರಿದ್ ಮ್ಯಾಲ ಎಳಿ ಅಂದ್ರು. ಒತ್ದೆ. ದೀಪ ಮಿಣಮಿಣ ಅಂತು. ಆರೋಗಂಟ ಕಾದೆ ಕನವ್ವ, ಶಿವನಾಣೆಗೂ ಕಾದೆ. ಆರ್ತು, ಎಳ್ದೆ. ನೆಲಕ್ ಮಡುಗ್ಬಾರ್ದು ಅಂತ ಎಲೆ ಆಕಿ ಮಡುಗ್ದೆ. ತಪ್ಪಾಯ್ತಾ?”

ತಪ್ಪಾಗಿರಲಿಲ್ಲ. ಅದನ್ನೇ ನಾನು ಆ ದಿನದಿಂದ ಹೇಳುತ್ತಿರುವುದು.

ಹಿಂದಿನ ಫಲಿತಾಂಶಗಳ ನಕಲು ಬೇರೆ ಕಡೆ ಇತ್ತು. ಆ ಬೆಳಗಿನದು ಮಾತ್ರ ಹೋಯಿತು. ಅಂದು ಬೆಳಿಗ್ಗೆ ಮಾಡಿದ ಮುಚ್ಚಳಗಳನ್ನೆಲ್ಲ ಮತ್ತೆ ಪರೀಕ್ಷಿಸಬೇಕಾಯಿತು, ಲಾರಿಗಳು ಹಬ್ಬದ ದಿನ ಗೇಟಿನಲ್ಲಿ ಕಾಯಬೇಕಾಯಿತು, ಮುಚ್ಚಳ ಕೊಳ್ಳುವವರು ಮ್ಯಾನೇಜರರಿಗೆ ಫೋನಿನಲ್ಲಿ ಚೆನ್ನಾಗಿ ಉಗಿದರು. ಉಗಿಸಿಕೊಂಡವರಿಗೆ ಅದನ್ನು ಇಳಿಸಲು ಒಂದು ಜಾಗ ಬೇಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಸಂಜೆಯ ಹೊತ್ತಿಗೆ ಇಡೀ ಕಾರ್ಖಾನೆಯಲ್ಲಿ “ಗುಡಿಸೋಳು ಸರ್ವರ್ ಕಿತ್ತಾಕಿದ್ಲು” ಎಂಬುದೇ ಮಾತು.

ಹಬ್ಬ ಮುಗಿದ ಮೇಲೆ ವಿಚಾರಣೆ ಎಂದು ಒಂದು ಸಭೆ ಕರೆದರು. ಮ್ಯಾನೇಜರರು, ಗುತ್ತಿಗೆದಾರ, ಮೈಸೂರಿನ ಇಂಜಿನಿಯರು, ನಾನು. ಅಕ್ಕನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದ್ದರು. ಯಾರ ಕೆಲಸದ ಮಾತೋ ಅವಳೇ ಒಳಗಿಲ್ಲ. ಮ್ಯಾನೇಜರರು ಬಾಯಿ ತೆರೆದದ್ದೇ, ನಾನೇನೂ ಕೇಳದೆ ಇದ್ದರೂ, “ನಾನು ಬಟನ್ ಒತ್ತು ಅಂತ ಹೇಳಿದ್ದು ನಿಜ, ಆದ್ರೆ ಹುಷಾರಾಗಿ ತೆಗೀ ಅಂತಾನೂ ಹೇಳಿದ್ದೆ” ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಗುತ್ತಿಗೆದಾರ ಕುಂಕುಮ ಒಳಗೆ ಹೋಗಿ ಕೆಟ್ಟಿರಬೇಕು ಎಂದ. ಕುಂಕುಮ ಇಟ್ಟವರು ಪುರೋಹಿತರು, ಪೆಟ್ಟಿಗೆಯ ಮುಖದ ಮೇಲೆ, ಅದೂ ಎಳೆದು ತಂದ ಮೇಲೆ. ಇಂಜಿನಿಯರು ಮಾತ್ರ ಶಾಂತವಾಗಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

“ಯೂಸರ್ ಎರರ್ ಮೇಡಂ. ಫೈಲ್ ಸಿಸ್ಟಮ್ ಮೊದಲು ಕ್ಲೋಸ್ ಮಾಡದೆ ಯಾರಾದ್ರೂ ತೆಗೀತಾರಾ?”

“ಹಾಗಾದ್ರೆ ದೀಪ ಯಾಕೆ ಆರಿಸಿದ್ರಿ?”

“ಅಂದ್ರೆ?”

“ಕ್ಲೋಸ್ ಆಗಿರಲಿಲ್ಲ ಅಂತೀರಲ್ಲ. ತೆಗೀಬಹುದು ಅಂತ ದೀಪ ಯಾಕೆ ಹೇಳ್ತು?”

ಅವನು ಕಾಲು ಇಳಿಸಿದ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೇಸರ ಮಾಡಿಕೊಳ್ಳಬೇಡಿ, ಅಕ್ಕನ ನ್ಯಾಯ ಇರುವುದೇ ಇಲ್ಲಿ. ಕಂಪ್ಯೂಟರಿನಲ್ಲಿ ಯಾವ ಫೈಲು ಎಲ್ಲಿದೆ, ಎಲ್ಲಿ ಖಾಲಿ ಇದೆ, ಯಾವುದು ಅರ್ಧ ಬರೆದಾಗಿದೆ ಎಂದು ಲೆಕ್ಕ ಇಟ್ಟುಕೊಳ್ಳುವ ಭಾಗಕ್ಕೆ ಫೈಲ್ ಸಿಸ್ಟಮ್ ಎನ್ನುತ್ತಾರೆ. ಮಾಮೂಲಿ ಡಿಸ್ಕಿನಲ್ಲಿ ಬರೆಯುವುದೆಲ್ಲ ಒಂದು ಸಾಲಿನಲ್ಲಿ ನಿಂತು ಹೋಗುತ್ತದೆ. ಡಿಸ್ಕನ್ನು ಯಾರಾದರೂ ಕಿತ್ತರೆ ಸಾಲಿನ ಮುಂದಿನವನು ವಾಪಸು ಬಂದು “ಡಿಸ್ಕ್ ಇಲ್ಲ” ಎನ್ನುತ್ತಾನೆ. ಫೈಲ್ ಸಿಸ್ಟಮ್ ಆಗ ಎಚ್ಚೆತ್ತು ಅಂಗಡಿ ಮುಚ್ಚುತ್ತದೆ. ಈ ಮರೆಯದ ಮೆಮೊರಿಯಲ್ಲಿ ಆ ಸಾಲೇ ಇಲ್ಲ. ವೇಗವಾಗಲಿ ಎಂದು ನಮ್ಮ ಪರೀಕ್ಷೆಯ ಪ್ರೋಗ್ರಾಂ ನೇರವಾಗಿ ಮೆಮೊರಿಯ ಮೇಲೇ ಬರೆಯುತ್ತದೆ. ನಡುವೆ ಯಾರೂ ಇಲ್ಲದ ಮೇಲೆ “ಇಲ್ಲ” ಎಂದು ವಾಪಸು ಬಂದು ಹೇಳುವವರೂ ಇಲ್ಲ. ಹಾಗಾಗಿ ತೆಗೆಯುವ ಮುಂಚೆಯೇ ಯಾರಾದರೂ ಫೈಲ್ ಸಿಸ್ಟಮ್‌ಗೆ ಹೇಳಲೇಬೇಕು.

ನಮ್ಮ ಸರ್ವರಿನಲ್ಲಿ ಹೇಳುವವರಿರಲಿಲ್ಲ. ಗುಂಡಿ ಒತ್ತಿದಾಗ ಆಪರೇಟಿಂಗ್ ಸಿಸ್ಟಮ್‌ನ ಕೆಳಗಿನ ಭಾಗಕ್ಕೆ, ಅಂದರೆ ಆ ಪೆಟ್ಟಿಗೆಯನ್ನು ನಡೆಸುವ ಡ್ರೈವರಿಗೆ ಸುದ್ದಿ ಹೋಯಿತು. ಡ್ರೈವರಿಗೆ “ಬಿಟ್ಟುಬಿಡು” ಎಂದರೆ ಅದು ಬಿಡಬೇಕು. ಬಿಡುವುದಿಲ್ಲ, ಮೇಲೆ ಜನ ಕೆಲಸ ಮಾಡುತ್ತಿದ್ದಾರೆ ಎನ್ನುವ ಹಕ್ಕನ್ನೇ ಅದಕ್ಕೆ ಕೊಟ್ಟಿಲ್ಲ. ಇಲ್ಲ ಎನ್ನುವ ಹಕ್ಕಿಲ್ಲದವರನ್ನು ಕೇಳುವುದೂ ಒಂದು ಕೇಳುವುದೇ? ಡ್ರೈವರು ಬಿಟ್ಟಿತು. ದೀಪ ಆರಿತು. ಮೇಲೆ ಕೂತ ಫೈಲ್ ಸಿಸ್ಟಮ್‌ಗೆ ಒಂದು ಮಾತನ್ನೂ ಯಾರೂ ಹೇಳಲಿಲ್ಲ. ಅದು ಪಾಪ, ಕಾಲ ಕೆಳಗೆ ನೆಲ ಇದೆ ಎಂದುಕೊಂಡೇ ಸೇವ್ ಆಯಿತು, ಸೇವ್ ಆಯಿತು ಎನ್ನುತ್ತಿತ್ತು.

ಕಬಿನಿ ಜಲಾಶಯದ ಗೇಟು ಎತ್ತುವ ಮುಂಚೆ ನಂಜನಗೂಡಿನಲ್ಲಿ ವಾಹನಕ್ಕೆ ಮೈಕು ಕಟ್ಟಿಕೊಂಡು ಕೂಗುತ್ತಾ ಹೋಗುತ್ತಾರೆ. ಸ್ನಾನಘಟ್ಟದಲ್ಲಿ ಬಟ್ಟೆ ಒಗೆಯುವವರು ಒಗೆದಷ್ಟನ್ನು ಗಂಟು ಕಟ್ಟಿಕೊಂಡು ಮೆಟ್ಟಿಲು ಹತ್ತುತ್ತಾರೆ. ಹೊಸಬರು ನೀರಿಗೆ ಇಳಿಯುವುದಿಲ್ಲ. ಮೊದಲು ಹೇಳು, ಹೊಸದನ್ನು ತಡೆ, ಕೈಯಲ್ಲಿರುವುದನ್ನು ಮುಗಿಸಲು ಬಿಡು, ಇನ್ನೂ ನಿಂತಿರುವವರನ್ನು ಎಬ್ಬಿಸು, ಆಮೇಲೆ ಗೇಟು ಎತ್ತು. ಹೊಳೆ ಪಾತ್ರದ ಊರಿನ ಚಿಕ್ಕ ಮಕ್ಕಳಿಗೂ ಗೊತ್ತಿರುವ ಈ ಕ್ರಮ, ದೇಶ ವಿದೇಶದ ಬುದ್ಧಿವಂತರು ಸೇರಿ ಬರೆದ ಆಪರೇಟಿಂಗ್ ಸಿಸ್ಟಮ್‌ನ ಆ ಆವೃತ್ತಿಗೆ ಗೊತ್ತಿರಲಿಲ್ಲ. ಬರೆದವರ ಮೇಲೆ ನನಗೆ ಅಷ್ಟೊಂದು ಕೋಪವಿಲ್ಲ, ಹೊಸ ಸಾಮಾನು, ಕಲಿಯುತ್ತಿದ್ದರು. ನನ್ನ ಕೋಪ ಇದ್ದದ್ದು ದೀಪದ ಮೇಲೆ. ಗೊತ್ತಿಲ್ಲದಿದ್ದರೆ ಉರಿಯುತ್ತಲೇ ಇರಬೇಕಿತ್ತು. ಗೊತ್ತಿಲ್ಲದೆ “ಆಯಿತು, ಎಳಿ” ಎನ್ನಬಾರದಿತ್ತು.

ಮಾತಿನಲ್ಲಿ ಹೇಳಿದರೆ ನಂಬುವುದಿಲ್ಲ ಎಂದು ಗೊತ್ತಿತ್ತು. ಸಭೆಯಲ್ಲಿದ್ದವರನ್ನೆಲ್ಲ ಕಂಪ್ಯೂಟರ್ ರೂಮಿಗೆ ಕರೆದುಕೊಂಡು ಹೋದೆ. ಅಕ್ಕನನ್ನೂ ಬಾ ಎಂದೆ. ಖಾಲಿ ಪೆಟ್ಟಿಗೆಯನ್ನು ಪಕ್ಕದ ಗೂಡಿಗೆ ತಳ್ಳಿ, ಅದರ ಮೇಲೆ ಒಂದೇ ಸಮನೆ ಸಾಲುಗಳನ್ನು ಬರೆಯುತ್ತಾ ಹೋಗುವ ಒಂದು ಚಿಕ್ಕ ಪ್ರೋಗ್ರಾಂ ಓಡಿಸಿದೆ. ಪರದೆಯಲ್ಲಿ ಸೇವ್ ಆಯಿತು, ಸೇವ್ ಆಯಿತು ಎಂದು ಬರತೊಡಗಿತು.

“ಈಗ ಒತ್ತಿ ಸರ್” ಎಂದೆ ಮ್ಯಾನೇಜರರಿಗೆ.

“ನಾನ್ಯಾಕೆ?”

“ಯಾರು ಒತ್ತಿದರೂ ಒಂದೇ ಅಂತ ತೋರಿಸೋಕೆ.”

ಒತ್ತಿದರು. ದೀಪ ಮಿನುಗಿತು, ಆರಿತು. ಪರದೆ ಸೇವ್ ಆಯಿತು ಎನ್ನುವುದನ್ನು ನಿಲ್ಲಿಸಲಿಲ್ಲ. ಎಳೆಯಿರಿ ಎಂದೆ. ಎಳೆದರು. ಪೆಟ್ಟಿಗೆ ಅವರ ಕೈಯಲ್ಲಿ, ಗೂಡು ಖಾಲಿ, ಪರದೆಯಲ್ಲಿ ಇನ್ನೂ ಸೇವ್ ಆಯಿತು. ಸ್ವಲ್ಪ ಹೊತ್ತಿಗೆ ಎಲ್ಲ ಕಲ್ಲಾಯಿತು. ಇಂಜಿನಿಯರು ಬೂಟು ನೋಡಿಕೊಳ್ಳುತ್ತಿದ್ದ. ಕಡೆಗೆ ಮೆಲ್ಲಗೆ, “ಇದು ಮೇಲಿನವರಿಗೆ ತಿಳಿಸಬೇಕಾದ ವಿಷಯ ಮೇಡಂ, ನಮ್ಮ ಕಡೆಯಿಂದ ಆಗಿದ್ದು” ಎಂದ. ಅಷ್ಟನ್ನು ಹೇಳಿದ್ದಕ್ಕೆ ಅವನ ಮೇಲಿನ ಅರ್ಧ ಸಿಟ್ಟನ್ನು ನಾನು ಅಲ್ಲೇ ಬಿಟ್ಟುಕೊಟ್ಟೆ.

ಅಕ್ಕ ಬಾಗಿಲ ಹತ್ತಿರ ನಿಂತಿದ್ದಳು. ಅವಳಿಗೆ ಪರದೆಯಲ್ಲಿ ಬಂದದ್ದು ಏನೂ ಅರ್ಥವಾಗಲಿಲ್ಲ. ಮ್ಯಾನೇಜರರ ಕೈಯಲ್ಲೂ ಅದೇ ಆಯಿತು ಎಂಬುದು ಅರ್ಥವಾಯಿತು. ಸಂಜೆ ಬಸ್ಸಿನಲ್ಲಿ ಎಷ್ಟೋ ದಿನದ ಮೇಲೆ ನಕ್ಕಳು. “ಅವ್ರು ಒತ್ತುದ್ರೂ ಕೆಟ್ಟೋಯ್ತು ಅಲ್ವಾ ಕೂಸೇ? ಅಂಗಾದ್ರೆ ನಂದೇನಿಲ್ಲ” ಎಂದು ನರಸೀಪುರ ಬರುವವರೆಗೂ ನನ್ನ ಕೈ ಹಿಡಿದುಕೊಂಡು ಕೂತಿದ್ದಳು. ಗೆದ್ದೆವು ಎಂದು ನಾನೂ ನಂಬಿದೆ.

ಗೆದ್ದಿರಲಿಲ್ಲ. ಆ ವಾರ ಕಳೆದು ಒಂದು ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಬಸ್ಸಿಳಿದು ಗೇಟಿಗೆ ಬಂದೆವು. ಗೇಟಿನಲ್ಲಿ ಹೆಬ್ಬೆಟ್ಟು ಒತ್ತುವ ಯಂತ್ರವಿದೆ. ನನ್ನದಕ್ಕೆ ಹಸಿರು ಬಂತು. ಅಕ್ಕ ಒತ್ತಿದಳು, ಕೆಂಪು ಬಂತು. ಸೀರೆ ಸೆರಗಿಗೆ ಬೆರಳು ಒರೆಸಿಕೊಂಡು ಮತ್ತೆ ಒತ್ತಿದಳು. ಮತ್ತೆ ಕೆಂಪು. ನೆಲ ಒರೆಸಿ ಒರೆಸಿ ಬೆರಳಿನ ಗೆರೆ ಸವೆದಿದೆ ಎಂದುಕೊಂಡು ಇನ್ನೊಂದು ಬೆರಳು ಕೊಟ್ಟಳು. ಗೇಟಿನ ಕಾವಲಿನವರು ಅವಳ ಮುಖ ನೋಡಲಾರದೆ ರಸ್ತೆ ಕಡೆ ನೋಡುತ್ತಾ ಹೇಳಿದರು.

“ಬೆಳ್ಳಿನ್ ತಪ್ಪಲ್ಲ ಕನಕ್ಕ. ನಿನ್ ಎಸ್ರು ತೆಗ್ದವ್ರೆ. ರಾತ್ರೀನೇ ಬಂದದೆ ಸುದ್ದಿ. ಒಳಿಕ್ ಬುಡ್ಬೇಡ ಅಂದವ್ರೆ. ನಾನೇನ್ ಮಾಡ್ಲಿ ಯೋಳು.”

ಅಕ್ಕ ಬುತ್ತಿಯ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದಳು. “ನೀವೋಗಿ ಮೇಡಮ್ಮೋರೇ, ಒತ್ತಾಯ್ತದೆ” ಎಂದಳು. ಗೇಟಿನ ಹೊರಗೇ ನನ್ನನ್ನು ಮೇಡಮ್ಮೋರು ಎಂದದ್ದು ಅದೇ ಮೊದಲು.

ನಾನು ನೇರ ಮ್ಯಾನೇಜರರ ಕೋಣೆಗೆ ನುಗ್ಗಿದೆ. ಬಾಗಿಲು ತಟ್ಟಲಿಲ್ಲ, ತಟ್ಟಬೇಕು ಎನಿಸಲೂ ಇಲ್ಲ.

“ನೀವೇ ಒತ್ತಿ ನೋಡಿದ್ರಲ್ಲ ಸರ್!”

“ನೋಡಿದೆ ಕಣ್ರೀ. ನಾನೇನು ಇಲ್ಲ ಅಂದ್ನಾ? ಆದ್ರೆ ಅಷ್ಟು ದೊಡ್ಡ ತೊಂದರೆ ಆಯ್ತು, ಮೇಲಿನವರು ಏನು ಕ್ರಮ ತಗೊಂಡ್ರಿ ಅಂತ ಕೇಳ್ತಾರೆ. ಏನಾದ್ರೂ ತೋರಿಸಬೇಕಲ್ಲ.”

“ಸರ್ವರ್ ತಪ್ಪು ಅಂತ ತೋರಿಸಿ.”

“ಸರ್ವರನ್ನ ಕೆಲಸದಿಂದ ತೆಗೆಯೋಕಾಗುತ್ತಾ?”

ಈ ಮಾತನ್ನು ಅವರು ತಮಾಷೆಗೆ ಹೇಳಲಿಲ್ಲ. ನಿಜವಾಗಿಯೂ ಅದೇ ಅವರ ಕಷ್ಟವಾಗಿತ್ತು. ಗುತ್ತಿಗೆದಾರನನ್ನು ಕೇಳಿದರೆ ಕಾರ್ಖಾನೆಯವರು ಹೇಳಿದರು, ನಾನು ತೆಗೆದೆ ಎಂದ. ಕಾರ್ಖಾನೆಯವರನ್ನು ಕೇಳಿದರೆ ಅವಳು ನಮ್ಮ ನೌಕರಳೇ ಅಲ್ಲ, ಗುತ್ತಿಗೆದಾರನ ಕಡೆಯವಳು ಎಂದರು. ಅವನು ಇವರ ಕಡೆ ಕೈ ತೋರಿಸಿದ, ಇವರು ಅವನ ಕಡೆ. ಇಬ್ಬರ ಕೈಯೂ ಕೊಳೆಯಾಗಲಿಲ್ಲ. ಅಷ್ಟು ವರ್ಷ ಇಡೀ ಕಟ್ಟಡದ ಕೊಳೆ ತೆಗೆದವಳು ಯಾರಿಗೂ ಸೇರಿದವಳಲ್ಲ ಎಂದು ಆ ದಿನ ಗೊತ್ತಾಯಿತು. ನಾನು ಕೂಗಾಡಿದೆ, ರಾಜೀನಾಮೆ ಕೊಡುತ್ತೇನೆ ಎಂದೆ. ಬಡವನ ಕೋಪ ದವಡೆಗೆ ಮೂಲ. “ಯೋಚನೆ ಮಾಡಿ ನಿರ್ಧಾರ ತಗೊಳ್ಳಿ ಮೇಡಂ” ಎಂದು ಮ್ಯಾನೇಜರರು ನೀರಿನ ಲೋಟ ನನ್ನ ಕಡೆ ಸರಿಸಿದರು. ನೀರು ಕುಡಿಯದೆ ಎದ್ದು ಬಂದೆ, ರಾಜೀನಾಮೆಯನ್ನೂ ಕೊಡಲಿಲ್ಲ. ಮಧ್ಯಾಹ್ನ ಗೇಟಿಗೆ ಬಂದು ನೋಡಿದಾಗ ಅಕ್ಕ ಹೋಗಿಯಾಗಿತ್ತು.

ಬೇಸಿಗೆ ಶುರುವಾಗುವ ಹೊತ್ತಿಗೆ ಇಂಜಿನಿಯರು ಫೋನು ಮಾಡಿದ. ಆಪರೇಟಿಂಗ್ ಸಿಸ್ಟಮ್‌ನ ಹೊಸ ಆವೃತ್ತಿ ಬಂದಿದೆ, ನೀವು ತೋರಿಸಿದ ತೊಂದರೆ ಅದರಲ್ಲಿ ಸರಿಹೋಗಿದೆ ಎಂದ. ದನಿಯಲ್ಲಿ ನಿಜವಾದ ಸಂತೋಷವಿತ್ತು. ಹಾಕಿಕೊಂಡು, ಖಾಲಿ ಪೆಟ್ಟಿಗೆಯ ಮೇಲೆ ಅದೇ ಪ್ರೋಗ್ರಾಂ ಓಡಿಸಿ, ಒಬ್ಬಳೇ ಗುಂಡಿ ಒತ್ತಿದೆ. ದೀಪ ಮೊದಲಿಗಿಂತ ಹೆಚ್ಚು ಹೊತ್ತು ಮಿನುಗಿತು. ಕೆಳಗಿನ ಭಾಗ ಈಗ ಬಿಡುವ ಮುಂಚೆಯೇ ಮೇಲಕ್ಕೆ ಸುದ್ದಿ ಕಳಿಸುತ್ತದೆ. ಪೆಟ್ಟಿಗೆ ಹೋಗುತ್ತದೆ ಎಂದು ಕೇಳಿದ ಫೈಲ್ ಸಿಸ್ಟಮ್ ಹೊಸ ಬರಹವನ್ನು ತಡೆಯಿತು. ಕೈಯಲ್ಲಿದ್ದದ್ದನ್ನು ಪೆಟ್ಟಿಗೆಗೆ ಇಳಿಸಿತು. ಇನ್ನೂ ಮೆಮೊರಿಯನ್ನು ಹಿಡಿದುಕೊಂಡಿದ್ದ ನನ್ನ ಪ್ರೋಗ್ರಾಮನ್ನು ನಿಲ್ಲಿಸಿತು. ತನ್ನ ಬಾಗಿಲು ತಾನೇ ಹಾಕಿಕೊಂಡಿತು. ಆಮೇಲೆ ದೀಪ ಆರಿತು. ಎಳೆದೆ. ಏನೂ ಕಲ್ಲಾಗಲಿಲ್ಲ. ಮತ್ತೆ ತಳ್ಳಿ ನೋಡಿದರೆ ಬರೆದ ಕೊನೆಯ ಸಾಲಿನವರೆಗೂ ಎಲ್ಲ ಇದ್ದ ಹಾಗೇ ಇತ್ತು.

ಎಷ್ಟು ಚೆನ್ನಾಗಿತ್ತು ಎಂದರೆ ಮೊದಲು ನನಗೆ ಖುಷಿಯೇ ಆಯಿತು. ಆಮೇಲೆ ಹಳೆಯ ಸಿಟ್ಟು ಮತ್ತೆ ಬಂತು. ಅಂಗೈ ಅಗಲದ ಒಂದು ಪೆಟ್ಟಿಗೆಯನ್ನು ತೆಗೆಯುವುದಕ್ಕೆ ಎಷ್ಟು ದೇಶದ ಜನ ಕೂತು ಚರ್ಚೆ ಮಾಡಿ ಇಷ್ಟು ಮರ್ಯಾದೆಯ ಕ್ರಮ ಕಟ್ಟಿದ್ದಾರೆ! ನಮ್ಮ ಗೇಟಿನಲ್ಲಿ ಕೆಂಪು ದೀಪ ಸಾಕಾಯಿತು.

ಅಕ್ಕ ಸಿಕ್ಕಿದ್ದು ಅದೇ ತಿಂಗಳು, ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ. ಮುಡುಕುತೊರೆ ಕಡೆ ಯಾರದೋ ತೋಟದಲ್ಲಿ ಅರಿಸಿನ ಕೀಳುವ ಕೂಲಿಗೆ ಹೋಗಿ ಬರುತ್ತಿದ್ದಳು. ಕೈ, ಉಗುರು, ಸೆರಗಿನ ಅಂಚು ಎಲ್ಲ ಹಳದಿ. ಬಗ್ಗಿ ಬಗ್ಗಿ ಮೊಣಕಾಲು ಊದಿತ್ತು. ನನ್ನನ್ನು ಕಂಡವಳೇ ಕೂಸೇ ಎಂದು ಕರೆದು, ಪಕ್ಕಕ್ಕೆ ಸರಿದು ಕಲ್ಲುಬೆಂಚಿನಲ್ಲಿ ಜಾಗ ಮಾಡಿದಳು. ಮಾತಿಗೆ ಮೊದಲು ಕೇಳಿದ್ದು ಇದನ್ನು:

“ಆ ಮಿಸಿನ್ನು ಸರ್ಯಾಯ್ತಾ? ನನ್ ಕೈಯಾರ ಕೆಟ್ಟೋಯ್ತಲ್ಲ ಅಂತ ಒಂದೊಂದ್ ಸಲ ಮನ್ಸಿಗ್ ಬತ್ತದೆ.”

“ನಿನ್ನ ಕೈಯಿಂದ ಕೆಡಲಿಲ್ಲ ಅಕ್ಕ. ಎಷ್ಟು ಸಲ ಹೇಳ್ಲಿ. ಈಗ ಸರಿಯಾಯ್ತು. ಅದಕ್ಕೊಂದು ಹೊಸ ಬುದ್ಧಿ ಹಾಕವ್ರೆ.”

“ಏನಂತ?”

ಹೇಗೆ ಹೇಳುವುದು ಎಂದು ಯೋಚಿಸಿ, “ತೆಗೆಯೋಕೆ ಮುಂಚೆ ಈಗ ಅದಕ್ಕೆ ಹೇಳ್ತಾರೆ ಅಕ್ಕ. ಇಂಥಾದ್ದು ತೆಗೀತೀವಿ, ನಿನ್ ಕೆಲ್ಸ ಮುಗಿಸ್ಕೊ ಅಂತ. ಅದು ಮುಗಿಸ್ಕೊಂಡು ಆಯ್ತು ಅಂದ ಮೇಲೇ ದೀಪ ಆರೋದು” ಎಂದೆ. ಹೇಳುತ್ತಿರುವಾಗಲೇ ನನ್ನ ಮಾತು ನನಗೇ ಚುಚ್ಚಿತು. ಅರ್ಧದಲ್ಲಿ ನಿಲ್ಲಿಸಿದ್ದರೆ ಚೆನ್ನಾಗಿತ್ತು.

ಅಕ್ಕನಿಗೆ ಸಿಟ್ಟು ಬರಲಿಲ್ಲ. ಒಂದು ಕ್ಷಣ ಅಂಗೈಯ ಹಳದಿ ನೋಡಿಕೊಂಡಳು. ತಲೆಯಾಡಿಸಿದಳು.

“ಒಳ್ಳೇದಾಯ್ತು ಬುಡವ್ವ. ನಂಗೂ ಮೊದ್ಲೇ ಒಂದ್ ಮಾತ್ ಯೋಳಿದ್ರೆ ಅವತ್ತು ಬುತ್ತಿ ಕಟ್ಕಂಡು ಅಷ್ಟು ದೂರ ಬತ್ತಿರ್ನಿಲ್ಲ.”